ಜಾಝ್ ಗಿಟಾರ್ ಸೋಲೋ: ಸ್ಕೇಲ್ ಹಿಡಿಯಬೇಕೇ, ಕಾರ್ಡ್ ಹಿಡಿಯಬೇಕೇ, ಫ್ರೇಸ್ ಹಿಡಿಯಬೇಕೇ?

ಕಾರ್ಡ್‌ಗಳು ಕೈಗೆ ಬಂದಿವೆ, ಮೇಜರ್ ಸ್ಕೇಲ್ ಫ್ರೆಟ್‌ಬೋರ್ಡಿನ ಉದ್ದಕ್ಕೂ ಗೊತ್ತು, ಬ್ಲೂಸ್ ಮೇಲೆ ಪೆಂಟಟಾನಿಕ್ ನುಡಿಸಿ ರೂಢಿಯಾಗಿದೆ. ಆದರೆ ಜಾಝ್ ಟ್ಯೂನ್ ಒಂದರ ಮೇಲೆ ಸೋಲೋ ನುಡಿಸಲು ಹೊರಟರೆ ಬೆರಳು ಸ್ಕೇಲನ್ನು ಹತ್ತಿ ಇಳಿಯುತ್ತದೆಯೇ ಹೊರತು ಅದು ಜಾಝ್ ಎಂದು ಕೇಳಿಸುವುದಿಲ್ಲ. ಇಲ್ಲಿಗೆ ಬಂದು ನಿಂತವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಇನ್ನಷ್ಟು ಸ್ಕೇಲ್ ಕಲಿಯಬೇಕೇ, ಇಲ್ಲವೇ ದೊಡ್ಡ ವಾದಕರ ಫ್ರೇಸ್‌ಗಳನ್ನು (ಸೋಲೋದ ಚಿಕ್ಕ ಸ್ವರವಾಕ್ಯಗಳನ್ನು) ಕಲಿಯಬೇಕೇ? ಫ್ರೇಸ್ ಕಲಿತರೆ ಅದು ಬರೀ ನಕಲಾಗುವುದಿಲ್ಲವೇ?

ದಾರಿಗಳು ಐದಿವೆ. ಪ್ರತಿ ಕಾರ್ಡಿಗೂ ಇಂಥ ಸ್ಕೇಲ್ ಎಂದು ಕಲಿಯುವುದು. ಕಾರ್ಡಿನೊಳಗಿನ ಸ್ವರಗಳನ್ನೇ ಹಿಡಿದು, ಒಂದೊಂದಾಗಿ ಬಿಡಿಸಿ ನುಡಿಸುವ ಆರ್ಪೆಜಿಯೊ ಮೂಲಕ ಸಾಗುವುದು. ಪುಸ್ತಕ, ವಿಡಿಯೊಗಳಲ್ಲಿ ಸಿದ್ಧವಾಗಿ ಸಿಗುವ ಲಿಕ್‌ಗಳನ್ನು, ಅಂದರೆ ಚಿಕ್ಕ ಸಿದ್ಧ ಫ್ರೇಸ್‌ಗಳನ್ನು, ಕಲಿಯುವುದು. ರೆಕಾರ್ಡ್ ಕೇಳಿ ಕಿವಿಯಿಂದಲೇ ಫ್ರೇಸ್ ಎತ್ತಿಕೊಳ್ಳುವುದು. ಟ್ಯೂನಿನ ಮೂಲ ಮೆಲೊಡಿಯನ್ನೇ ಬೆಳೆಸುತ್ತಾ ಹೋಗುವುದು. ಐದೂ ಒಳ್ಳೆಯ ದಾರಿಗಳೇ. ಆದರೆ ದಿನಕ್ಕೆ ಅರ್ಧ ಗಂಟೆ ಸಿಗುವವರು ಐದನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಕೈಹತ್ತುವುದಿಲ್ಲ. ಒಂದನ್ನು ಮುಖ್ಯ ಮಾಡಿಕೊಂಡು, ಇನ್ನೊಂದನ್ನು ಅದರ ಆಸರೆಗೆ ಇಟ್ಟುಕೊಳ್ಳಬೇಕು. ಯಾವುದು ಮುಖ್ಯ, ಯಾವುದು ಆಸರೆ ಎನ್ನುವುದೇ ಇಲ್ಲಿ ತೀರ್ಮಾನವಾಗಬೇಕಾದ ವಿಷಯ.

ಯಾವುದರಿಂದ ಅಳೆಯುವುದು

ಮೊದಲ ಅಳತೆ ಕಿವಿ. ಬೆರಳು ಫ್ರೆಟ್ ಮೇಲೆ ಬೀಳುವ ಮುಂಚೆಯೇ ಆ ಸ್ವರ ನಿಮ್ಮೊಳಗೆ ಕೇಳಿಸಿರುತ್ತದೆಯೇ? ಇದನ್ನು ಪರೀಕ್ಷಿಸುವುದು ಸುಲಭ: ಈಗಷ್ಟೇ ನುಡಿಸಿದ ಲೈನನ್ನು ಗಿಟಾರ್ ಪಕ್ಕಕ್ಕಿಟ್ಟು ಹಾಡಿ ನೋಡಿ. ಹಾಡಲು ಬಾರದಿದ್ದರೆ ಅದು ಬೆರಳಿನ ಅಭ್ಯಾಸ ಮಾತ್ರ. ಉಳಿದೆಲ್ಲ ಅಳತೆಗಳಿಗಿಂತ ಇದಕ್ಕೇ ಹೆಚ್ಚು ತೂಕ ಕೊಡಿ.

ಎರಡನೆಯದು ನಡೆ. ಒಂದು ಬೀಟಿಗೆ ಎರಡು ಸ್ವರ ನುಡಿಸುವಾಗ ಎರಡನೆಯದು ತುಸು ತಡವಾಗಿ ಬಿದ್ದು, ಒತ್ತು ಹೆಚ್ಚಾಗಿ ಅದರ ಮೇಲೆಯೇ ಬರುತ್ತದೆ. ವೇಗ ಹೆಚ್ಚಿದಂತೆ ಈ ತಡ ಕಡಿಮೆಯಾಗುತ್ತಾ ಎರಡೂ ಸ್ವರ ಸಮವಾಗುತ್ತವೆ. ಇದೇ ಸ್ವಿಂಗ್. ಇದನ್ನು ಬರೆದು ತೋರಿಸಲು ಆಗುವುದಿಲ್ಲ, ಕೇಳಿಯೇ ಬರಬೇಕು. ಹಾಗಾಗಿ ಯಾವ ದಾರಿ ನಿಮ್ಮನ್ನು ರೆಕಾರ್ಡ್ ಮುಂದೆ ಹೆಚ್ಚು ಹೊತ್ತು ಕೂರಿಸುತ್ತದೆ ಎಂಬುದೂ ಅಳತೆಯೇ.

ಮೂರನೆಯದು, ಒಂದು ಟ್ಯೂನಿನಲ್ಲಿ ಕಲಿತದ್ದು ಇನ್ನೊಂದಕ್ಕೆ, ಒಂದು ಶ್ರುತಿಯಲ್ಲಿ (ಕೀ) ಕಲಿತದ್ದು ಇನ್ನೊಂದಕ್ಕೆ ಎಷ್ಟು ಸಲೀಸಾಗಿ ಹೋಗುತ್ತದೆ ಎಂಬುದು. ಆಮೇಲೆ ಬರುವುವು ನಿಮ್ಮ ಪರಿಸ್ಥಿತಿಗೆ ಸೇರಿದವು: ದಿನಕ್ಕೆ ಸಿಗುವ ಸಮಯ, ಖರ್ಚು ಮಾಡಬಹುದಾದ ಹಣ, ನೊಟೇಶನ್ ಓದಲು ಬರುತ್ತದೆಯೋ ಇಲ್ಲವೋ, ಕರ್ನಾಟಕ ಸಂಗೀತದ ಪಾಠ ಆಗಿದೆಯೋ ಇಲ್ಲವೋ.

ಸ್ಕೇಲ್ ದಾರಿ

ಡಿ ಮೈನರ್ 7 ಬಂದರೆ ಡಿ ಡೋರಿಯನ್, ಜಿ7 ಬಂದರೆ ಜಿ ಮಿಕ್ಸೊಲಿಡಿಯನ್, ಸಿ ಮೇಜರ್ 7 ಬಂದರೆ ಸಿ ಮೇಜರ್. ಕಾಗದದ ಮೇಲೆ ಇದು ಅಚ್ಚುಕಟ್ಟು. ಆದರೆ ಈ ಮೂರೂ ಸ್ಕೇಲ್‌ಗಳಲ್ಲಿರುವುದು ಅದೇ ಏಳು ಸ್ವರ. ಸ್ಕೇಲ್ ಬದಲಿಸಿದೆವು ಎಂದು ನೀವು ಅಂದುಕೊಂಡರೂ ಕೇಳುವವರ ಕಿವಿಗೆ ಏನೂ ಬದಲಾಗಿರುವುದಿಲ್ಲ. ಕಾರ್ಡ್ ಬದಲಾದದ್ದು ಕೇಳಿಸುವುದು ಬೀಟಿನ ಮೇಲೆ ಯಾವ ಸ್ವರ ಬಿತ್ತು ಎನ್ನುವುದರಿಂದ. ಜಿ7 ಬಂದಾಗ ಮೊದಲ ಬೀಟಿಗೆ ಸಿ ಬಿದ್ದರೆ, ಅದು ಸ್ಕೇಲಿನೊಳಗಿನ ಸ್ವರವೇ ಆದರೂ, ಕಾರ್ಡಿನ ಬಿ ಸ್ವರದ ಜೊತೆ ತಿಕ್ಕಾಡುತ್ತದೆ. ಸ್ಕೇಲ್ ಪಾಠ ಈ ವಿಷಯವನ್ನು ತಾನಾಗಿ ಕಲಿಸುವುದಿಲ್ಲ.

ಈ ಕೊರತೆಗೆ ಬೀಬಾಪ್ ಎಂಬ ವೇಗದ ಜಾಝ್ ಶೈಲಿಯ ವಾದಕರು ಕಂಡುಕೊಂಡ ಉಪಾಯ ಒಂದು ಹೆಚ್ಚುವರಿ ಸ್ವರ. ಜಿ7 ಮೇಲೆ ಇಳಿಯುವಾಗ ಜಿ, ಎಫ್ ಶಾರ್ಪ್, ಎಫ್, ಇ, ಡಿ, ಸಿ, ಬಿ, ಎ ಎಂದು ಎಂಟು ಸ್ವರ ನುಡಿಸಿದರೆ ಬೀಟಿನ ಮೇಲೆ ಜಿ, ಎಫ್, ಡಿ, ಬಿ ಬೀಳುತ್ತವೆ. ನಾಲ್ಕೂ ಕಾರ್ಡಿನ ಸ್ವರಗಳೇ. ಡೆಟ್ರಾಯಿಟ್‌ನಿಂದ ಬಂದ ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ (1929–2021) ದಶಕಗಳ ಕಾಲ ಕಲಿಸಿದ ಅರ್ಧಸ್ವರ ಸೇರಿಸುವ ನಿಯಮಗಳ ಗುರಿಯೂ ಇದೇ. ಸ್ಕೇಲ್ ದಾರಿಯನ್ನೇ ಆರಿಸಿಕೊಂಡರೆ ಡೋರಿಯನ್, ಮಿಕ್ಸೊಲಿಡಿಯನ್‌ನಂಥ ಏಳು ಮೋಡ್‌ಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಈ ಒಂದು ಇಳಿಕೆಯನ್ನು ಹನ್ನೆರಡು ಶ್ರುತಿಯಲ್ಲೂ ಕಲಿಯಿರಿ. ಲಾಭ ಹೆಚ್ಚು.

ಈ ದಾರಿ ನಿಜವಾಗಿ ಹೊಂದುವುದು ಕಾರ್ಡ್ ನಿಧಾನವಾಗಿ ಬದಲಾಗುವ ಟ್ಯೂನ್‌ಗಳಿಗೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ 32 ಬಾರ್‌ಗಳ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಆವರ್ತ) ಟ್ಯೂನ್; ಮೊದಲ 16 ಬಾರ್ ಡಿ ಡೋರಿಯನ್, ಮುಂದಿನ 8 ಇ ಫ್ಲಾಟ್ ಡೋರಿಯನ್, ಕೊನೆಯ 8 ಮತ್ತೆ ಡಿ ಡೋರಿಯನ್. ಅಲ್ಲಿ ಸ್ಕೇಲಿನೊಳಗೆ ಓಡಾಡಲು ಜಾಗವಿದೆ. ಅದೇ ನಿಮಿಷಕ್ಕೆ 200 ಬೀಟ್ ವೇಗದಲ್ಲಿ ಒಂದು ಬಾರ್‌ಗೆ ಎರಡು ಕಾರ್ಡ್ ಇರುವ ಟ್ಯೂನಿನಲ್ಲಿ ಒಂದೊಂದು ಕಾರ್ಡಿಗೆ ಸಿಗುವುದು 0.6 ಸೆಕೆಂಡ್. ಸ್ಕೇಲಿನ ಹೆಸರು ನೆನಪಿಗೆ ಬರುವಷ್ಟರಲ್ಲಿ ಕಾರ್ಡ್ ದಾಟಿಹೋಗಿರುತ್ತದೆ.

ಕಾರ್ಡ್ ಸ್ವರಗಳ ದಾರಿ

ಇಲ್ಲಿ ಕಣ್ಣಿಡಬೇಕಾದದ್ದು ಪ್ರತಿ ಕಾರ್ಡಿನ ಮೂರನೇ ಮತ್ತು ಏಳನೇ ಸ್ವರದ ಮೇಲೆ. ಡಿ ಮೈನರ್ 7ರಲ್ಲಿ ಅವು ಎಫ್ ಮತ್ತು ಸಿ. ಜಿ7ರಲ್ಲಿ ಬಿ ಮತ್ತು ಎಫ್. ಸಿ ಮೇಜರ್ 7ರಲ್ಲಿ ಇ ಮತ್ತು ಬಿ. ಸಿ ಒಂದು ಫ್ರೆಟ್ ಇಳಿದರೆ ಬಿ. ಎಫ್ ಒಂದು ಫ್ರೆಟ್ ಇಳಿದರೆ ಇ. ಈ ಎರಡು ಇಳಿಕೆಗಳನ್ನು ಸರಿಯಾದ ಬೀಟಿಗೆ ನುಡಿಸಿದರೆ ಸಾಕು, ಹಿಂದೆ ಯಾರೂ ಕಾರ್ಡ್ ನುಡಿಸದಿದ್ದರೂ ಕೇಳುವವರಿಗೆ ಕಾರ್ಡ್ ಬದಲಾದದ್ದು ಗೊತ್ತಾಗುತ್ತದೆ. ಸ್ಕೇಲಿನ ಎರಡು, ಐದು, ಒಂದನೇ ಸ್ವರಗಳ ಮೇಲೆ ಕಟ್ಟಿದ್ದರಿಂದ 2-5-1 ಎಂದು ಕರೆಯುವ ಈ ಮೂರು ಕಾರ್ಡ್‌ಗಳ ಸಾಲು ಜಾಝ್ ಟ್ಯೂನ್‌ಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವುದರಿಂದ ಇದರ ಫಲ ಬೇಗ ಕಾಣುತ್ತದೆ.

ಎಫ್ ಬ್ಲೂಸ್ ತೆಗೆದುಕೊಂಡು ಹೀಗೆ ಮಾಡಿ: 12 ಬಾರ್‌ಗಳಲ್ಲಿ ಪ್ರತಿ ಬಾರಿನ ಮೊದಲ ಬೀಟಿಗೆ ಆ ಕಾರ್ಡಿನ ಮೂರನೇ ಸ್ವರ ಮಾತ್ರ, ಉಳಿದ ಮೂರು ಬೀಟ್ ಮೌನ. ಎಫ್7ಕ್ಕೆ ಎ, ಬಿ ಫ್ಲಾಟ್ 7ಕ್ಕೆ ಡಿ, ಎಂಟನೇ ಬಾರಿನ ಡಿ7ಕ್ಕೆ ಎಫ್ ಶಾರ್ಪ್, ಒಂಬತ್ತನೆಯ ಜಿ ಮೈನರ್ 7ಕ್ಕೆ ಬಿ ಫ್ಲಾಟ್, ಹತ್ತನೆಯ ಸಿ7ಕ್ಕೆ ಇ. ಬಹಳಷ್ಟು ಜನ ಎಡವುವುದು ಆ ಎಂಟನೇ ಬಾರಿನಲ್ಲಿ, ಏಕೆಂದರೆ ಪೆಂಟಟಾನಿಕ್ ರೂಢಿಯ ಬೆರಳಿಗೆ ಎಫ್ ಶಾರ್ಪ್ ಎಲ್ಲಿದೆ ಎಂದು ಗೊತ್ತೇ ಇರುವುದಿಲ್ಲ. ಮೂರನೇ ಸ್ವರ ತಪ್ಪದೆ ಬೀಳತೊಡಗಿದ ಮೇಲೆ ಅದಕ್ಕೆ ಒಂದು ಫ್ರೆಟ್ ಕೆಳಗಿನ ಸ್ವರವನ್ನು ಅರ್ಧ ಬೀಟ್ ಮುಂಚೆ ಸೇರಿಸಿ. ನಂತರ ಮೇಲಿನ ಸ್ವರ, ಕೆಳಗಿನ ಸ್ವರ ಎರಡನ್ನೂ ನುಡಿಸಿ ನಡುವಿನದಕ್ಕೆ ಬಂದು ನಿಲ್ಲಿ.

ಕೊರತೆ ಏನೆಂದರೆ, ಆರ್ಪೆಜಿಯೊ ಎಷ್ಟು ನುಡಿಸಿದರೂ ಅದು ಬಿಡಿಸಿಟ್ಟ ಕಾರ್ಡಿನಂತೆಯೇ ಕೇಳಿಸುತ್ತದೆ. ಎಲ್ಲೂ ತಪ್ಪಿರುವುದಿಲ್ಲ, ಎಲ್ಲೂ ಮೆಲೊಡಿ ಇರುವುದಿಲ್ಲ. ಮುಖ್ಯ ದಾರಿಯಾಗಿ ಇದು ಒಣಗುತ್ತದೆ. ಆಸರೆಯಾಗಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಸಿದ್ಧ ಲಿಕ್‌ಗಳು

ತಕ್ಷಣ ಏನಾದರೂ ಜಾಝ್‌ನಂತೆ ಕೇಳಿಸಬೇಕು, ಮುಂದಿನ ವಾರ ಜ್ಯಾಮ್ (ಎಲ್ಲರೂ ಸೇರಿ ನುಡಿಸುವ ಕೂಟ) ಇದೆ ಎನ್ನುವವರಿಗೆ ಇದು ವೇಗದ ದಾರಿ. ಯಾವ ತಂತಿಯ ಯಾವ ಫ್ರೆಟ್ ಎಂದು ಅಂಕಿಗಳಲ್ಲಿ ಬರೆದ ಟ್ಯಾಬ್ ನೋಡಿ ಒಂದು ಸಂಜೆಯಲ್ಲಿ ಎರಡು ಲಿಕ್ ಕೈಗೆ ಬರುತ್ತವೆ. ಬಂದಷ್ಟೇ ಬೇಗ ಹೋಗುತ್ತವೆ ಕೂಡ, ಏಕೆಂದರೆ ಟ್ಯಾಬ್ ಕಣ್ಣಿನಿಂದ ಬೆರಳಿಗೆ ಹೋಗುತ್ತದೆ, ಕಿವಿಯನ್ನು ಮುಟ್ಟುವುದಿಲ್ಲ. ಇನ್ನೊಂದು ತೊಂದರೆ ತಾಳದ್ದು. ಬರೆದದ್ದನ್ನು ನೋಡಿ ನುಡಿಸುವವರು ಸಾಮಾನ್ಯವಾಗಿ ಪ್ರತಿ ಲಿಕ್ಕನ್ನೂ ಬಾರಿನ ಮೊದಲ ಬೀಟಿಗೇ ಶುರು ಮಾಡುತ್ತಾರೆ. ಸೋಲೋ ಪೂರ್ತಿ ಚೌಕ ಚೌಕವಾಗುತ್ತದೆ.

ಕೊಳ್ಳುವುದಾದರೆ ಹೀಗೆ ನೋಡಿ ಕೊಳ್ಳಿ: ಪ್ರತಿ ಲಿಕ್ಕಿಗೂ ಆಡಿಯೊ ಇರಬೇಕು, ಸ್ವರಗಳ ಮೇಲೆ ಕಾರ್ಡಿನ ಹೆಸರು ಬರೆದಿರಬೇಕು, ಮೇಜರ್ 2-5-1 ಮಾತ್ರವಲ್ಲದೆ ಮೈನರ್ 2-5-1, ಬ್ಲೂಸ್, ಟರ್ನ್‌ಅರೌಂಡ್‌ಗಳಿಗೂ (ಟ್ಯೂನಿನ ಕೊನೆಯಿಂದ ಮತ್ತೆ ಮೊದಲಿಗೆ ಕರೆತರುವ ಕಾರ್ಡ್‌ಗಳು) ಲಿಕ್ ಇರಬೇಕು. ನೂರಾರು ಲಿಕ್‌ಗಳ ಸಂಗ್ರಹ ಕೈಗೆ ಬಂದರೆ ಎಲ್ಲವನ್ನೂ ಒಮ್ಮೆ ಕೇಳಿ, ಮಾರನೆಯ ದಿನವೂ ಬಾಯಲ್ಲಿ ಗುನುಗುತ್ತಿರುವ ಐದನ್ನು ಮಾತ್ರ ಇಟ್ಟುಕೊಳ್ಳಿ.

ರೆಕಾರ್ಡ್ ಕೇಳಿ ಎತ್ತಿಕೊಳ್ಳುವುದು

ಇದು ನಿಧಾನ, ಮೊದಲ ಕೆಲವು ವಾರ ಬೇಸರ ತರಿಸುವಷ್ಟು ನಿಧಾನ. ಆದರೆ ಮೊದಲ ಎರಡು ಅಳತೆಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಸ್ವರ, ನಡೆ, ಒತ್ತು, ಎಲ್ಲಿ ಉಸಿರು ಬಿಡಬೇಕು ಎಂಬುದು ಎಲ್ಲವೂ ಒಟ್ಟಿಗೇ ಬರುತ್ತವೆ. ನಕಲಾಗುತ್ತದೆ ಎಂಬ ಹೆದರಿಕೆಗೆ ಉತ್ತರ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ (1923–1968). ಇಂಡಿಯಾನಾಪೊಲಿಸ್‌ನ ಅವರು ನೊಟೇಶನ್ ಓದುತ್ತಿರಲಿಲ್ಲ. ಹಿರಿಯ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ (1916–1942) ಅವರ ಸೋಲೋಗಳನ್ನು ರೆಕಾರ್ಡ್ ಕೇಳಿ ಕಲಿತು, ಮೊದಮೊದಲು ಅವನ್ನೇ ಜನರ ಮುಂದೆ ನುಡಿಸುತ್ತಿದ್ದರು. ಮುಂದೆ ಹೆಬ್ಬೆರಳಿನಿಂದ ಮೀಟುವ, ಒಂಟಿ ಸ್ವರಗಳಿಂದ ಆಕ್ಟೇವ್‌ಗೆ, ಆಕ್ಟೇವ್‌ನಿಂದ ಕಾರ್ಡ್‌ಗಳಿಗೆ ಏರುವ ಅವರ ಸೋಲೋಗಳನ್ನು ಕೇಳಿ ಯಾರೂ ಅವರನ್ನು ಇನ್ನೊಬ್ಬರೆಂದು ತಪ್ಪು ತಿಳಿಯಲಿಲ್ಲ.

ಯಾರಿಂದ ಶುರು ಮಾಡಬೇಕೆಂಬುದು ಮುಖ್ಯ. ಗ್ರಾಂಟ್ ಗ್ರೀನ್ (1935–1979) ಸೋಲೋದಲ್ಲಿ ಹೆಚ್ಚಾಗಿ ಒಂಟಿ ಸ್ವರಗಳನ್ನೇ ನುಡಿಸುತ್ತಾರೆ, ನಡುವೆ ಜಾಗ ಬಿಡುತ್ತಾರೆ, ಹಿಡಿಸಿದ ಫ್ರೇಸನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಹೊಸ ಕಿವಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಚಾರ್ಲಿ ಕ್ರಿಶ್ಚಿಯನ್ ಲೈನ್‌ಗಳು ಕಾರ್ಡ್ ಆಕಾರಗಳ ಸುತ್ತಲೇ ಇರುವುದರಿಂದ ಫ್ರೆಟ್‌ಬೋರ್ಡಿನಲ್ಲಿ ಬೇಗ ಸಿಗುತ್ತವೆ. ಜಿಮ್ ಹಾಲ್ ಕಡಿಮೆ ಸ್ವರ ನುಡಿಸಿದರೂ ಆ ಸ್ವರಗಳ ಆಯ್ಕೆ ಸೂಕ್ಷ್ಮ. ಪ್ಯಾಟ್ ಮಾರ್ಟಿನೊ, ಜೋ ಪಾಸ್ ಅವರ ಉದ್ದನೆಯ ಬಿಡುವಿಲ್ಲದ ಲೈನ್‌ಗಳನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಗಿಟಾರ್ ಮಾತ್ರ ಕೇಳಬೇಕೆಂದೇನೂ ಇಲ್ಲ: ಊದುವ ವಾದ್ಯಗಳ ಫ್ರೇಸ್‌ಗಳಲ್ಲಿ ಉಸಿರಿನ ಬಿಡುವು ತಾನಾಗಿ ಇರುತ್ತದೆ, ಗಿಟಾರ್ ವಾದಕರಿಗೆ ಬೇಕಾದ ಪಾಠ ಅದೇ.

ಕೆಲಸದ ಕ್ರಮ ಹೀಗೆ. ಸೋಲೋ ಪೂರ್ತಿ ಬೇಡ, ಎರಡರಿಂದ ನಾಲ್ಕು ಬಾರ್ ಸಾಕು. ಅದನ್ನೇ ಸುತ್ತುಸುತ್ತಾಗಿ ಕೇಳಿ, ರೆಕಾರ್ಡ್ ನಿಲ್ಲಿಸಿದ ಮೇಲೂ ಹಾಡಲು ಬರುವವರೆಗೆ ಗಿಟಾರ್ ಮುಟ್ಟಬೇಡಿ. ಹಾಡಿದ್ದನ್ನು ಮೊದಲು ಒಂದೇ ತಂತಿಯ ಮೇಲೆ ಹುಡುಕಿ. ಆಗ ಸ್ವರಗಳ ನಡುವಿನ ದೂರ ಕಣ್ಣಿಗೂ ಕಾಣುತ್ತದೆ. ಆಮೇಲೆ ಅನುಕೂಲದ ಪೊಸಿಷನ್ನಿಗೆ (ತೋರುಬೆರಳು ನಿಲ್ಲುವ ಫ್ರೆಟ್‌ನಿಂದ ಗುರುತಿಸುವ ಕೈಯ ಜಾಗ) ತನ್ನಿ. ಹಿಂದಿನ ಕಾರ್ಡ್ ಯಾವುದೆಂದು ಬರೆದು, ಪ್ರತಿ ಸ್ವರ ಆ ಕಾರ್ಡಿಗೆ ಎಷ್ಟನೆಯದು ಎಂದು ಕೆಳಗೆ ಗುರುತಿಸಿ. ಕೊನೆಗೆ ರೆಕಾರ್ಡ್ ಜೊತೆಗೆ, ಮೊದಲು 75 ಶೇಕಡಾ ವೇಗದಲ್ಲಿ, ನಂತರ ಪೂರ್ಣ ವೇಗದಲ್ಲಿ ನುಡಿಸಿ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಸ್ವರದ ಅಂಚು ಕಲಸಿಹೋಗುತ್ತದೆ, ಸ್ವಿಂಗ್ ಕೂಡ ಕೇಳಿಸುವುದಿಲ್ಲ.

ಹಳೆಯ ರೆಕಾರ್ಡ್‌ಗಳಲ್ಲಿ ಇನ್ನೊಂದು ತೊಡಕಿದೆ. ಕೆಲವು ಶ್ರುತಿಯಿಂದ ಸ್ವಲ್ಪ ಏರಿಯೋ ಇಳಿದೋ ಇರುತ್ತವೆ. ಸ್ವರ ಎರಡು ಫ್ರೆಟ್‌ಗಳ ನಡುವೆ ಇದ್ದಂತೆ ಕೇಳಿಸಿದರೆ ನಿಮ್ಮ ಕಿವಿಯನ್ನು ಅನುಮಾನಿಸಬೇಡಿ, ಸಾಫ್ಟ್‌ವೇರಿನಲ್ಲಿ ರೆಕಾರ್ಡಿನ ಶ್ರುತಿಯನ್ನು ಗಿಟಾರಿಗೆ ಹೊಂದುವಂತೆ ಸರಿಪಡಿಸಿಕೊಳ್ಳಿ.

ಮೆಲೊಡಿ ದಾರಿ

ಖರ್ಚೇ ಇಲ್ಲದ ದಾರಿ, ಹೆಚ್ಚಿನವರು ಕಡೆಗಣಿಸುವ ದಾರಿಯೂ ಇದೇ. ಟ್ಯೂನಿನ ಮೆಲೊಡಿಯನ್ನು ಇದ್ದಂತೆ ನುಡಿಸಿ. ಎರಡನೇ ಸುತ್ತಿಗೆ ಕೆಲವು ಸ್ವರಗಳನ್ನು ಅರ್ಧ ಬೀಟ್ ಮುಂಚೆ ತನ್ನಿ. ಮೂರನೆಯದರಲ್ಲಿ ಉದ್ದ ಸ್ವರಗಳ ಜಾಗದಲ್ಲಿ ಅವನ್ನು ಸುತ್ತುವರಿಯುವ ಸಣ್ಣ ಸ್ವರಗಳನ್ನು ಸೇರಿಸಿ. ನಾಲ್ಕನೆಯದರಲ್ಲಿ ಎರಡು ಬಾರ್ ಮೆಲೊಡಿ, ಎರಡು ಬಾರ್ ನಿಮ್ಮ ಉತ್ತರ. ಸೋಲೋ ಎಲ್ಲಿ ಹೋದರೂ ಟ್ಯೂನ್ ಕೈತಪ್ಪುವುದಿಲ್ಲ, 32 ಬಾರಿನಲ್ಲಿ ಎಲ್ಲಿದ್ದೇವೆ ಎಂಬ ಗೊಂದಲವೂ ಬರುವುದಿಲ್ಲ. ಕಾರ್ಡ್‌ಗಳು ವೇಗವಾಗಿ ಬದಲಾಗುವ ಕಡೆ ಮಾತ್ರ ಇದೊಂದೇ ಸಾಲದು, ಅಲ್ಲಿ ಫ್ರೇಸ್‌ಗಳ ಸಂಗ್ರಹ ಬೇಕೇ ಬೇಕು.

ಒಂದು ಫ್ರೇಸನ್ನು ಹತ್ತಾಗಿ ಮಾಡುವುದು

ಪುಸ್ತಕದಿಂದ ಬರಲಿ, ರೆಕಾರ್ಡಿನಿಂದ ಬರಲಿ, ಫ್ರೇಸ್ ನಿಮ್ಮದಾಗುವುದು ಅದರ ಮೇಲೆ ಮಾಡುವ ಕೆಲಸದಿಂದ. ಉದಾಹರಣೆಗೆ ಸಿ ಮೇಜರ್‌ನ 2-5-1ಕ್ಕೆ ಈ ಎರಡು ಬಾರ್ ನೋಡಿ, ಬೀಟಿಗೆ ಎರಡು ಸ್ವರ.

ಡಿ ಮೈನರ್ 7: ಡಿ, ಇ, ಎಫ್, ಎ, ಸಿ, ಇ, ಡಿ, ಸಿ.
ಜಿ7: ಬಿ, ಡಿ, ಎಫ್, ಎ ಫ್ಲಾಟ್, ಜಿ, ಡಿ, ಎಫ್, ಡಿ ಶಾರ್ಪ್.
ಸಿ ಮೇಜರ್ 7: ಇ.

ಮೊದಲ ಬಾರ್ ಐದನೇ ಪೊಸಿಷನ್ನಿನಲ್ಲಿ: 5ನೇ ತಂತಿಯ 5, 7, 8ನೇ ಫ್ರೆಟ್, 4ನೇ ತಂತಿಯ 7, 3ನೇ ತಂತಿಯ 5, 2ನೇ ತಂತಿಯ 5, ಮತ್ತೆ 3ನೇ ತಂತಿಯ 7 ಮತ್ತು 5. ಎರಡನೇ ಬಾರ್‌ನಲ್ಲಿ ಕೈ ಮೂರನೇ ಪೊಸಿಷನ್ನಿಗೆ ಜಾರುತ್ತದೆ: 3ನೇ ತಂತಿಯ 4 ಮಧ್ಯದ ಬೆರಳಿನಿಂದ, 2ನೇ ತಂತಿಯ 3 ಮತ್ತು 6, 1ನೇ ತಂತಿಯ 4 ಮತ್ತು 3, ಮತ್ತೆ 2ನೇ ತಂತಿಯ 3, 6, 4, ಕೊನೆಗೆ 5. ತಪ್ಪುವುದು ಎರಡು ಬಾರ್‌ಗಳ ನಡುವಿನ ಆ ಜಾರುವಿಕೆಯಲ್ಲಿ. ಸಿ ಸ್ವರವನ್ನು ತೋರುಬೆರಳಿನಿಂದ ನುಡಿಸಿ, ಬಿ ಸ್ವರವನ್ನೂ ಅದೇ ಬೆರಳಿನಿಂದ ಹಿಡಿದರೆ ಮುಂದಿನ ಡಿ ಕೈಗೆ ಎಟಕುವುದಿಲ್ಲ. ಸಿ, ಬಿ ಎರಡೇ ಸ್ವರಗಳನ್ನು ಬೆರಳು ಬದಲಿಸಿ ನುಡಿಸುವ ಅಭ್ಯಾಸವನ್ನು ಬೇರೆಯಾಗಿ ಮಾಡಿ, ಆಮೇಲೆ ಜೋಡಿಸಿ.

ಈಗ ಬೀಟಿನ ಮೇಲೆ ಬಿದ್ದ ಸ್ವರಗಳನ್ನು ಎಣಿಸಿ. ಮೊದಲ ಬಾರಿನಲ್ಲಿ ಡಿ, ಎಫ್, ಸಿ, ಡಿ; ಎರಡನೆಯದರಲ್ಲಿ ಬಿ, ಎಫ್, ಜಿ, ಎಫ್. ಎಲ್ಲವೂ ಕಾರ್ಡಿನವೇ. ಎ ಫ್ಲಾಟ್ ಮತ್ತು ಡಿ ಶಾರ್ಪ್ ಬೀಟುಗಳ ನಡುವೆ ಬಿದ್ದಿವೆ, ಅದಕ್ಕೇ ಅವು ತಪ್ಪೆನಿಸದೆ ರುಚಿ ಕೊಡುತ್ತವೆ. ಮೊದಲ ಬಾರಿನ ಕೊನೆಯ ಸಿ ಅರ್ಧಸ್ವರ ಇಳಿದು ಬಿ ಆಗಿದೆ. ಕೊನೆಯಲ್ಲಿ ಎಫ್ ಮೇಲಿನಿಂದ, ಡಿ ಶಾರ್ಪ್ ಕೆಳಗಿನಿಂದ ಬಂದು ಇ ಸ್ವರವನ್ನು ಹಿಡಿದಿವೆ. ಕಾರ್ಡ್ ಸ್ವರಗಳ ಪಾಠದಲ್ಲಿ ನೋಡಿದ್ದೇ ಇಲ್ಲಿ ಮೆಲೊಡಿಯಾಗಿದೆ.

ಇದನ್ನೇ ಮೈನರ್‌ಗೆ ತಿರುಗಿಸಿ. ಡಿ ಮೈನರ್ 7 ಫ್ಲಾಟ್ 5, ಜಿ7, ಸಿ ಮೈನರ್ ಬಂದಾಗ ಮೊದಲ ಬಾರಿನ ಇ ಎಲ್ಲವೂ ಇ ಫ್ಲಾಟ್, ಎ ಸ್ವರ ಎ ಫ್ಲಾಟ್. ಎರಡನೇ ಬಾರಿನ ಕೊನೆಯ ಡಿ ಶಾರ್ಪ್ ಬದಲು ಡಿ. ಬಂದು ನಿಲ್ಲುವುದು ಇ ಫ್ಲಾಟ್ ಮೇಲೆ. ಮೂರು ಸ್ವರ ಬದಲಿಸಿ ಹೊಸ ಫ್ರೇಸ್ ಸಿಕ್ಕಿತು. ಎರಡನೇ ಬಾರನ್ನು ಒಂಟಿಯಾಗಿ ತೆಗೆದುಕೊಂಡರೆ ಜಿ7 ಎಲ್ಲೆಲ್ಲಿ ಸಿ ಕಡೆ ಹೋಗುತ್ತದೋ ಅಲ್ಲೆಲ್ಲ ಅದು ಕೆಲಸಕ್ಕೆ ಬರುತ್ತದೆ. ಮೊದಲ ಬಾರ್ ಎಫ್ ಮೇಜರ್ 7 ಮೇಲೂ ಚೆನ್ನಾಗಿ ಕೂರುತ್ತದೆ. ಮೊದಲ ಎರಡು ಸ್ವರ ಬಿಟ್ಟು ಎರಡನೇ ಬೀಟಿನಿಂದ ಶುರು ಮಾಡಿ. ಮೊದಲ ಮೂರು ಬಿಟ್ಟು ಎರಡನೇ ಬೀಟಿನ ನಡುವಿನಿಂದ ಶುರು ಮಾಡಿ. ಕೊನೆಯಲ್ಲಿ ಇ ಬದಲು ಜಿಗೆ ಹಾರಿ ನಿಲ್ಲಿ.

ಶ್ರುತಿ ಬದಲಿಸುವಾಗ ಗಿಟಾರ್ ಒಂದು ಸುಲಭದ ಬಲೆ ಒಡ್ಡುತ್ತದೆ: ಎರಡು ಫ್ರೆಟ್ ಮೇಲೆ ಜರುಗಿಸಿದರೆ ಡಿ ಮೇಜರ್ ಆಯಿತು, ಯೋಚಿಸುವ ಕೆಲಸವೇ ಇಲ್ಲ. ಹಾಗೆ ಕಲಿತದ್ದು ಟ್ಯೂನಿನ ನಡುವೆ ಕೈ ಬೇರೆಡೆ ಇದ್ದಾಗ ಹೊರಬರುವುದಿಲ್ಲ. ಅದೇ ಸ್ವರಗಳನ್ನು ಬೇರೆ ತಂತಿಗಳ ಮೇಲೂ ಕಲಿಯಿರಿ. ಎರಡನೇ ಬಾರ್ ಏಳನೇ ಪೊಸಿಷನ್ನಿನಲ್ಲಿ ಹೀಗೆ: 4ನೇ ತಂತಿಯ 9, 3ನೇ ತಂತಿಯ 7, 10, 2ನೇ ತಂತಿಯ 9, 8, ಮತ್ತೆ 3ನೇ ತಂತಿಯ 7, 10, 8, ಕೊನೆಗೆ 9. ಬೆರಳಿನ ಆಕಾರ ಬದಲಾಗಿರುವುದು ಏಕೆಂದರೆ ಉಳಿದ ಪಕ್ಕದ ತಂತಿಗಳ ನಡುವೆ ಐದು ಫ್ರೆಟ್ ಅಂತರವಿದ್ದರೆ, 3 ಮತ್ತು 2ನೇ ತಂತಿಗಳ ನಡುವೆ ಮಾತ್ರ ನಾಲ್ಕು.

ಇಷ್ಟು ಕೆಲಸವಾದ ಹತ್ತು ಫ್ರೇಸ್‌ಗಳು, ಟ್ಯಾಬ್ ನೋಡಿ ನುಡಿಸಿದ ನೂರಕ್ಕಿಂತ ಹೆಚ್ಚು ದೂರ ಕರೆದೊಯ್ಯುತ್ತವೆ. ಮೊದಲ ಮೂರು ತಿಂಗಳಿಗೆ ಮೇಜರ್ 2-5-1ಕ್ಕೆ ಮೂರು, ಮೈನರ್‌ಗೆ ಎರಡು, ಬ್ಲೂಸಿಗೆ ಎರಡು, ಟರ್ನ್‌ಅರೌಂಡಿಗೆ ಒಂದು ಎಂದಿಟ್ಟುಕೊಂಡರೆ ಸಾಕು.

ಕರ್ನಾಟಕ ಸಂಗೀತ ಕಲಿತವರಿಗೆ

ಸ್ಕೇಲ್ ದಾರಿ ನಿಮಗೆ ಅರ್ಧ ಮುಗಿದ ಹಾಗೇ. ಡೋರಿಯನ್ ಎಂದರೆ ಖರಹರಪ್ರಿಯದ ಸ್ವರಗಳು, ಮಿಕ್ಸೊಲಿಡಿಯನ್ ಹರಿಕಾಂಭೋಜಿಯವು, ಲಿಡಿಯನ್ ಮೇಚಕಲ್ಯಾಣಿಯವು, ಹಾರ್ಮೊನಿಕ್ ಮೈನರ್ ಕೀರವಾಣಿಯವು; ಜಾಝ್‌ನಲ್ಲಿ ಆರೋಹಣ ಅವರೋಹಣ ಎರಡಕ್ಕೂ ಬಳಸುವ ಮೆಲೊಡಿಕ್ ಮೈನರ್ ಗೌರಿಮನೋಹರಿಯವು. ಹಾಗಾಗಿ ಅದರ ಮೇಲೆ ಮತ್ತೆ ತಿಂಗಳುಗಟ್ಟಲೆ ಕೂರಬೇಡಿ. ನಿಮಗೆ ತೊಡಕಾಗುವುದು ಬೇರೆ ಕಡೆ: ರಾಗದಲ್ಲಿ ಷಡ್ಜ ಅಲುಗದೆ ನಿಂತಿರುತ್ತದೆ, ನ್ಯಾಸ ಸ್ವರಗಳೂ ನಿಶ್ಚಿತ. ಇಲ್ಲಿ ನಿಲ್ಲಬಹುದಾದ ಸ್ವರ ಬಾರಿನಿಂದ ಬಾರಿಗೆ ಬದಲಾಗುತ್ತದೆ. ಅದಕ್ಕೆ ಮದ್ದು ಕಾರ್ಡ್ ಸ್ವರಗಳ ಅಭ್ಯಾಸವೇ.

ನಿಮ್ಮ ದೊಡ್ಡ ಬಲ ಕಲ್ಪನಾಸ್ವರ. ಎಲ್ಲಿಂದ ಹೊರಟರೂ ಎಡುಪಿಗೆ ಸರಿಯಾಗಿ ಬಂದು ಸೇರುವ ಲೆಕ್ಕಾಚಾರ ಅಭ್ಯಾಸವಾಗಿದ್ದರೆ, ಮೇಲಿನ 2-5-1 ಫ್ರೇಸಿನಲ್ಲಿ ಮೂರನೇ ಬಾರಿನ ಮೊದಲ ಬೀಟಿಗೆ ಇ ಸ್ವರಕ್ಕೆ ಬಂದು ಸೇರುವುದು ಅದೇ ಜಾತಿಯ ಕೆಲಸ. ಕೇಳಿ ಹಾಡುವ ಅಭ್ಯಾಸವೂ ಇರುವುದರಿಂದ ರೆಕಾರ್ಡಿನಿಂದ ಎತ್ತಿಕೊಳ್ಳುವ ದಾರಿ ನಿಮಗೆ ಉಳಿದವರಿಗಿಂತ ಬೇಗ ಫಲ ಕೊಡುತ್ತದೆ. ಗಮಕ ಮಾತ್ರ ಆರಂಭದಲ್ಲಿ ಹಿಡಿತದಲ್ಲಿರಲಿ. ಅದು ತಾನಾಗಿ ನುಸುಳಿದರೆ ಬೀಟಿನ ಮೇಲೆ ಸ್ವರದ ಅಂಚು ಮಸುಕಾಗುತ್ತದೆ.

ಸಮಯ, ಹಣ, ಆಯ್ಕೆ

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಕ್ಕರೆ ಕಿವಿಯ ದಾರಿಯನ್ನು ಮುಖ್ಯವಾಗಿಟ್ಟು ವಾರಕ್ಕೆ ಎರಡು ಬಾರ್ ಉದ್ದದ ಒಂದೇ ಫ್ರೇಸ್ ಇಟ್ಟುಕೊಳ್ಳಿ. ಹತ್ತು ನಿಮಿಷ ಕೇಳಿ ಹಾಡಲು, ಹತ್ತು ನಿಮಿಷ ಬೇರೆ ತಂತಿ, ಬೇರೆ ಶ್ರುತಿಗಳಿಗೆ ಒಯ್ಯಲು, ಹತ್ತು ನಿಮಿಷ ಟ್ಯೂನಿನೊಳಗೆ ಕೂರಿಸಲು. ಕೊನೆಯ ಹತ್ತು ನಿಮಿಷ ಬಿಟ್ಟವರ ಫ್ರೇಸ್‌ಗಳು ಸೋಲೋದಲ್ಲಿ ಬರುವುದೇ ಇಲ್ಲ. ಒಂದು ಗಂಟೆ ಸಿಗುವವರು ಉಳಿದ ಅರ್ಧವನ್ನು ಕಾರ್ಡ್ ಸ್ವರಗಳಿಗೆ ಕೊಡಲಿ. ಇನ್ನೂ ಹೆಚ್ಚು ಸಿಗುವವರು ಮೆಲೊಡಿ ದಾರಿಯನ್ನೂ ಸೇರಿಸಿಕೊಳ್ಳಬಹುದು. ವಾರಾಂತ್ಯದಲ್ಲಿ ಮಾತ್ರ ಗಿಟಾರ್ ಹಿಡಿಯುವವರಿಗೆ ಕಿವಿಯ ದಾರಿ ಹೊಂದುವುದಿಲ್ಲ, ಐದು ದಿನದ ಬಿಡುವಿನಲ್ಲಿ ಫ್ರೇಸ್ ಮರೆತುಹೋಗುತ್ತದೆ. ಅವರು ಮೆಲೊಡಿ ದಾರಿಯ ಜೊತೆ ನಾಲ್ಕೈದು ಸಿದ್ಧ ಲಿಕ್‌ಗಳನ್ನು ಇಟ್ಟುಕೊಳ್ಳುವುದೇ ಒಳ್ಳೆಯದು. ವಾರದ ದಿನಗಳಲ್ಲಿ ಬಸ್ಸಿನಲ್ಲೋ ಮೆಟ್ರೊದಲ್ಲೋ ಅವನ್ನು ಕೇಳುತ್ತಾ ಮನಸ್ಸಿನಲ್ಲೇ ಹಾಡಿಕೊಂಡರೂ ಕೆಲಸ ನಡೆಯುತ್ತದೆ.

ಮೆಟ್ರೊನೋಮನ್ನು 60ಕ್ಕೆ ಇಟ್ಟು ಅದರ ಸದ್ದನ್ನು ಎರಡನೇ ಮತ್ತು ನಾಲ್ಕನೇ ಬೀಟ್ ಎಂದು ಎಣಿಸಿ. ಆಗ ನುಡಿಸುವ ವೇಗ 120 ಆಗುತ್ತದೆ, ಸ್ವಿಂಗ್ ತಾನಾಗಿ ಬರತೊಡಗುತ್ತದೆ. ಇದು ಕಷ್ಟವಾದರೆ 40ಕ್ಕೆ ಇಳಿಸಿ, ಎಣಿಕೆಯ ಕ್ರಮ ಮಾತ್ರ ಬಿಡಬೇಡಿ.

ಹಣವಿಲ್ಲದೆಯೂ ಇದೆಲ್ಲ ಆಗುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿ ಶ್ರುತಿ ಬದಲಿಸದೆ ವೇಗ ಇಳಿಸುತ್ತದೆ, ಯೂಟ್ಯೂಬಿನಲ್ಲೂ 0.75 ವೇಗವಿದೆ, ಕಾರ್ಡ್‌ಗಳನ್ನು ನೀವೇ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಅದರ ಮೇಲೆ ನುಡಿಸಬಹುದು. ಸ್ವಲ್ಪ ಖರ್ಚು ಮಾಡಬಹುದಾದರೆ ಮೊದಲು ಕೊಳ್ಳಬೇಕಾದದ್ದು ಐರಿಯಲ್ ಪ್ರೊದಂಥ ಬ್ಯಾಕಿಂಗ್ ಆ್ಯಪ್. ಶ್ರುತಿ, ವೇಗ ಎರಡನ್ನೂ ಒಂದೇ ಬೆರಳಿನಲ್ಲಿ ಬದಲಿಸಬಹುದು. ಹೊಸ ಗಿಟಾರ್ ಕೊಳ್ಳುವ ಅಗತ್ಯವಿಲ್ಲ. ಇರುವ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕುತ್ತಿಗೆಯ ಕಡೆಯ ಪಿಕಪ್ ಆರಿಸಿ, ಟೋನ್ ನಾಬನ್ನು ಅರ್ಧಕ್ಕೆ ಇಳಿಸಿ, 11ರ ತಂತಿ (ಅತಿ ತೆಳುವಾದದ್ದು 0.011 ಇಂಚು ದಪ್ಪವಿರುವ ಸೆಟ್) ಹಾಕಿಕೊಂಡರೆ ನಾದ ಸಾಕಷ್ಟು ಹತ್ತಿರ ಬರುತ್ತದೆ.

ಗುರುಗಳಿಗೆ ಹಣ ಕೊಡುವುದಾದರೆ ದಾರಿ ನೋಡಿ ಕೊಡಿ. ಕಾರ್ಡ್ ಸ್ವರಗಳ ದಾರಿಯಲ್ಲಿರುವವರಿಗೆ ವಾರದ ಪಾಠ ಉಪಯುಕ್ತ, ತಪ್ಪು ಅಲ್ಲಲ್ಲೇ ಸಿಕ್ಕಿಬೀಳುತ್ತದೆ. ಕಿವಿಯ ದಾರಿಯಲ್ಲಿರುವವರಿಗೆ ತಿಂಗಳಿಗೊಂದು ಪಾಠ ಸಾಕು: ಎತ್ತಿಕೊಂಡ ಫ್ರೇಸ್ ಸರಿಯೇ, ನಡೆ ಎಲ್ಲಿ ಜಾರುತ್ತಿದೆ ಎಂದು ನೋಡಲು. ಯಾವ ಗುರುಗಳನ್ನೇ ಆರಿಸಿಕೊಳ್ಳುವಾಗಲೂ, ಅವರು ಪಾಠದಲ್ಲಿ ರೆಕಾರ್ಡ್ ಕೇಳಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿ.

ಆಯ್ಕೆ ಸರಿಯಾಗಿತ್ತೇ ಎಂದು ಮೂರು ತಿಂಗಳ ಕೊನೆಗೆ ನೋಡಿ. ಗೊತ್ತಿರುವ ಒಂದು ಟ್ಯೂನಿನ ಮೇಲೆ ಎರಡು ಸುತ್ತು ಸೋಲೋ ನುಡಿಸಿ ಫೋನಿನಲ್ಲಿ ಧ್ವನಿಮುದ್ರಿಸಿ, ಮಾರನೆಯ ದಿನ ಕೇಳಿ. ಬ್ಯಾಕಿಂಗ್ ಇಲ್ಲದೆ ಕೇಳಿದಾಗ ಕಾರ್ಡ್ ಬದಲಾಗುವುದು ಗೊತ್ತಾಗದಿದ್ದರೆ ಮುಂದಿನ ಮೂರು ತಿಂಗಳು ಕಾರ್ಡ್ ಸ್ವರಗಳಿಗೆ ಹೆಚ್ಚು ಸಮಯ ಕೊಡಿ. ಕಾರ್ಡ್ ಗೊತ್ತಾಗುತ್ತದೆ ಆದರೆ ಎಲ್ಲವೂ ಬಾರಿನ ಮೊದಲ ಬೀಟಿಗೇ ಶುರುವಾಗಿದೆ ಎಂದಾದರೆ ಹೊಸ ಫ್ರೇಸ್ ಬೇಡ, ಇರುವುದನ್ನೇ ಬೀಟುಗಳ ನಡುವಿನಿಂದ ಹೊರಡಿಸಿ. ಫ್ರೇಸ್‌ಗಳೆಲ್ಲ ಚೆನ್ನಾಗಿವೆ ಆದರೆ ಒಂದಕ್ಕೊಂದು ಸಂಬಂಧವಿಲ್ಲ ಎನಿಸಿದರೆ ಮೆಲೊಡಿ ದಾರಿಗೆ ತಿರುಗುವ ಹೊತ್ತು ಬಂದಿದೆ: ಫ್ರೇಸಿನ ಕೊನೆಯ ಎರಡು ಸ್ವರಗಳಿಂದಲೇ ಮುಂದಿನದನ್ನು ಶುರು ಮಾಡುವ ಅಭ್ಯಾಸ ಮಾಡಿ, ಅದನ್ನು ಬ್ಲೂಸಿನ 12 ಬಾರ್‌ಗಳಲ್ಲಿ ಮೊದಲು ನೋಡಿ, ಆಮೇಲೆ 32 ಬಾರಿನ ಟ್ಯೂನಿಗೆ ಒಯ್ಯಿರಿ.